ಮೂರು ಕೆಜಿ ಖೈಮಾ, ಒಂದೇ ದಬರಿ

ಈ ಸಲದ ಪತ್ರಗಳಲ್ಲಿ ಪಾಸ್ತಾದ್ದೇ ಹಾವಳಿ. ಮೊದಲನೆಯ ಪತ್ರ ಉದ್ದ, ಅದಕ್ಕೆ ನಾನು ಬರೆದ ಉತ್ತರ ಇನ್ನೂ ಉದ್ದ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಅಕ್ಕಾ, ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಹೈಸ್ಕೂಲಿನ ಇಬ್ಬರು ಗಂಡುಮಕ್ಕಳು ಸಂಜೆ ಬರುತ್ತಲೇ ಪಾಸ್ತಾ ಕೇಳುತ್ತಾರೆ. ಅಂಗಡಿಯ ಬಾಟಲಿ ಸಾಸ್ ತಂದು ತಂದು ಸಾಕಾಗಿದೆ. ನೀವು ಹಿಂದೊಮ್ಮೆ ಬರೆದಿದ್ದ, ಇಟಲಿಯ ಬೊಲೊನ್ಯಾ ಊರಿನ ಮಾಂಸದ ಸಾಸನ್ನು ಅರ್ಧ ಕೆಜಿ ಖೈಮಾದಲ್ಲಿ ಮಾಡಿದೆ, ಮಕ್ಕಳು ಬಾಣಲೆ ಬಳಿದು ತಿಂದರು. ಅದೇ ಧೈರ್ಯದಲ್ಲಿ ಹೋದ ಭಾನುವಾರ ಮೂರು ಕೆಜಿ ತಂದು, ಎಲ್ಲವನ್ನೂ ಆರು ಪಟ್ಟು ಮಾಡಿ ದೊಡ್ಡ ದಬರಿಗೆ ಹಾಕಿದೆ. ಖೈಮಾ ಬೂದು ಬಣ್ಣಕ್ಕೆ ತಿರುಗಿ ನೀರಿನಲ್ಲಿ ತೇಲಿತು. ನಾಲ್ಕು ಗಂಟೆ ಕುದಿಸಿದರೂ ಸಾರಿನ ಹಾಗೇ ಇತ್ತು. ಸುಸ್ತಾಗಿ ರಾತ್ರಿ ಮುಚ್ಚಿಟ್ಟು ಮಲಗಿದೆ. ಬೆಳಗ್ಗೆ ಹುಳಿ ವಾಸನೆ ಬರುತ್ತಿತ್ತು. ನಮ್ಮ ಅತ್ತೆ ಒಂದು ಮಾತೂ ಕೇಳದೆ ಎಲ್ಲವನ್ನೂ ಚೆಲ್ಲಿಸಿಬಿಟ್ಟರು. ಚೆನ್ನಾಗಿ ಮತ್ತೊಮ್ಮೆ ಕುದಿಸಿದ್ದರೆ ಬಳಸಬಹುದಿತ್ತಲ್ಲವೇ?
— ಹೆಸರು ಬೇಡ, ದಾವಣಗೆರೆ

ಉತ್ತರ: ಇಲ್ಲಮ್ಮಾ. ನಿಮ್ಮ ಅತ್ತೆಗೆ ನನ್ನ ನಮಸ್ಕಾರ ಹೇಳಿ. ಕುದಿಸಿದರೆ ಕ್ರಿಮಿ ಸಾಯಬಹುದು, ಅವು ರಾತ್ರಿಯೆಲ್ಲಾ ಕೂತು ಬಿಟ್ಟ ವಿಷಗಳಲ್ಲಿ ಕೆಲವು ಕುದಿಗೂ ಜಗ್ಗುವುದಿಲ್ಲ. ಹುಳಿ ವಾಸನೆ ಬಂದ ಮಾಂಸದ ಜೊತೆ ಚೌಕಾಸಿ ನಡೆಯುವುದಿಲ್ಲ.

ನಿಮಗೆ ಸಮಾಧಾನವಾಗಲಿ ಅಂತ ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ನನ್ನವರ ಕೆಲಸದಿಂದಾಗಿ ನಾವು 13 ವರ್ಷ ಬೊಲೊನ್ಯಾದಲ್ಲಿದ್ದೆವು. ಪ್ಯಾಕಿಂಗ್ ಯಂತ್ರಗಳನ್ನು ತಯಾರಿಸುವ ಊರು ಅದು, ಅಂಥದ್ದೇ ಒಂದು ಕಾರ್ಖಾನೆಯಲ್ಲಿ ಅವರಿಗೆ ಕೆಲಸ. ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ಅಜ್ಜಿ. ಜನವರಿಯಲ್ಲಿ ಒಂದು ದಿನ ಹಿಡಿದು ಇಡೀ ಚಳಿಗಾಲಕ್ಕಾಗುವಷ್ಟು ರಗೂ ಮಾಡುತ್ತಿದ್ದರು. ರಗೂ ಅಂದರೆ ಅಲ್ಲಿಯವರ ಬಾಯಲ್ಲಿ ಇದೇ ಮಾಂಸದ ಸಾಸ್. ಒಲೆಯಿಂದ ಇಳಿಸಿದ ಪಾತ್ರೆಯನ್ನು ಸೀದಾ ಬಾಲ್ಕನಿಗೆ ಒಯ್ದು ಇಟ್ಟುಬಿಡುತ್ತಿದ್ದರು. ಹೊರಗೆ ಎರಡೋ ಮೂರೋ ಡಿಗ್ರಿ ಚಳಿ. ಆಗಾಗ ಸೌಟು ಹಿಡಿದು ಹೋಗಿ ತಿರುವಿ ಬರುತ್ತಿದ್ದರು. ನಾನು ಅದನ್ನೇ ನೋಡಿ ಕಲಿತವಳು. ಮೈಸೂರಿಗೆ ವಾಪಸು ಬಂದ ಮೇಲೆ, ಮಗಳ ಹುಟ್ಟುಹಬ್ಬದ ಹಿಂದಿನ ದಿನ ನಾಲ್ಕು ಕೆಜಿ ಮಾಡಿ, ಪಾತ್ರೆ ಸಮೇತ ಬಾಲ್ಕನಿಯಲ್ಲಿಟ್ಟೆ. ಮಾರ್ಚ್ ತಿಂಗಳು! ಬೆಳಗ್ಗೆ ಮುಚ್ಚಳ ತೆಗೆದರೆ ಸಣ್ಣ ಸಣ್ಣ ಗುಳ್ಳೆ ಎದ್ದು ಒಡೆಯುತ್ತಿವೆ. ಇಪ್ಪತ್ತು ಮಕ್ಕಳಿಗೆ ಅವತ್ತು ಚಿತ್ರಾನ್ನ ಮಾಡಿ ಬಡಿಸಿದೆ. ಮಗಳು ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ.

ಈಗ ನಿಮ್ಮ ದಬರಿಗೆ ಬರೋಣ. ತಪ್ಪಾಗಿದ್ದು ಎರಡು ಕಡೆ. ಶುರುವಿನಲ್ಲಿ ನೀರು ಹೋಗಲಿಲ್ಲ, ಕೊನೆಯಲ್ಲಿ ಬಿಸಿ ಹೋಗಲಿಲ್ಲ. ಪಾಕವನ್ನು ಆರು ಪಟ್ಟು ಮಾಡಬಹುದು, ಆದರೆ ನಿಮ್ಮ ಒಲೆಯ ಉರಿ ಆರು ಪಟ್ಟು ಆಗುವುದಿಲ್ಲ, ಪಾತ್ರೆಯ ಬಾಯಿಯೂ ಆರು ಪಟ್ಟು ಅಗಲವಾಗುವುದಿಲ್ಲ.

ಮೂರು ಕೆಜಿ ತಣ್ಣನೆಯ ಖೈಮಾ ಒಟ್ಟಿಗೆ ಬಿದ್ದರೆ ಪಾತ್ರೆಯ ಕಾವು ಇಳಿದುಹೋಗಿ ಮಾಂಸ ನೀರು ಬಿಡುತ್ತದೆ. ನೀರು ಇರುವಷ್ಟು ಹೊತ್ತು ಪಾತ್ರೆ 100 ಡಿಗ್ರಿ ದಾಟುವುದಿಲ್ಲ. ಮಾಂಸ ಕೆಂಪಗೆ ಹುರಿದು ಆ ಘಮ ಬರಬೇಕಾದರೆ 140 ಡಿಗ್ರಿಯ ಆಚೆ ಹೋಗಬೇಕು. ನೀವು ಹುರಿದಿಲ್ಲ, ಬೇಯಿಸಿದ್ದೀರಿ. ನಾನು ಕೊಡಗಿನ ಪೊನ್ನಂಪೇಟೆ ಕಡೆಯವಳು. ನಮ್ಮ ಪಂದಿ ಕರಿಗೆ ಹಂದಿ ಮಾಂಸ ತನ್ನದೇ ನೀರು ಬಿಟ್ಟುಕೊಂಡು ಬೇಯುವುದೇ ಸರಿ. ಅದೇ ರೂಢಿಯಲ್ಲಿ ಬೊಲೊನ್ಯಾದಲ್ಲೂ ಮೊದಮೊದಲು ಹಾಗೇ ಮಾಡುತ್ತಿದ್ದೆ. ಅಜ್ಜಿ ಒಂದು ದಿನ ನನ್ನನ್ನು ಒಲೆ ಮುಂದೆ ನಿಲ್ಲಿಸಿ, ಕಣ್ಣು ಮುಚ್ಚಿಸಿ, ಬಾಣಲೆಯ ಸದ್ದು ಕೇಳು ಅಂದರು. ಕೊತಕೊತ ಅಂದರೆ ಇನ್ನೂ ನೀರಿದೆ. ಚುರ್ ಚುರ್ ಅಂದರೆ ಹುರಿಯಲು ಶುರುವಾಗಿದೆ. ಈಗಲೂ ನಾನು ನೋಡುವುದಕ್ಕಿಂತ ಕೇಳುವುದೇ ಹೆಚ್ಚು.

ನಮ್ಮಲ್ಲಿ ಇನ್ನೊಂದು ತೊಂದರೆಯಿದೆ. ಖೈಮಾ ಮನೆಗೆ ತಂದು ಎರಡು ಮೂರು ನೀರಿನಲ್ಲಿ ತೊಳೆಯುತ್ತೇವೆ. ಅದು ಹತ್ತಿಯ ಹಾಗೆ ನೀರು ಕುಡಿದು ಕೂರುತ್ತದೆ. ತೊಳೆಯಲೇಬೇಕು ಅನ್ನುವವರು ಅಂಗಡಿಯಲ್ಲೇ ತುಂಡು ಮಾಂಸವನ್ನು ತೊಳೆಸಿ, ಒರೆಸಿ, ಆಮೇಲೆ ಕೊಚ್ಚಿಸಿ. ಯಂತ್ರವಾದರೆ ದಪ್ಪ ಜಾಲರಿ ಹಾಕಿ ಒಂದೇ ಸಲ ಬಿಡಲು ಹೇಳಿ. ಹುಣಸೆ ಕೊರಡಿನ ಮೇಲೆ ಕತ್ತಿಯಲ್ಲಿ ಕೊಚ್ಚಿ ಕೊಡುವವರು ನಿಮ್ಮೂರಲ್ಲಿ ಇನ್ನೂ ಇದ್ದರೆ ಅವರನ್ನು ಬಿಡಬೇಡಿ. ಆ ಒರಟು ಖೈಮಾ ಮೂರು ಗಂಟೆ ಬೆಂದರೂ ಹಿಟ್ಟಾಗುವುದಿಲ್ಲ.

ಮೂರು ಕೆಜಿಗೆ ನನ್ನ ಅಳತೆ ಹೀಗೆ. ಎರಡು ಕೆಜಿ ಕುರಿ ಖೈಮಾ, ಭುಜದ ಭಾಗದ್ದು. ಒಂದು ಕೆಜಿ ಹಂದಿ ಖೈಮಾ, ನೆಣ ಇರಲಿ. ಹಂದಿ ತಿನ್ನದವರು ಮೂರೂ ಕೆಜಿ ಕುರಿಯದನ್ನೇ ಹಾಕಿ. ಈರುಳ್ಳಿ ಅರ್ಧ ಕೆಜಿ, ಕ್ಯಾರೆಟ್ ಅರ್ಧ ಕೆಜಿ, ಸೆಲರಿ 300 ಗ್ರಾಂ, ಎಲ್ಲವೂ ಕಡಲೆಬೇಳೆ ಗಾತ್ರಕ್ಕೆ ಹೆಚ್ಚಿದ್ದು. ಸೆಲರಿ ಸಿಗದಿದ್ದರೆ ಬಿಡಿ, ಅದರ ಬದಲು ಕೊತ್ತಂಬರಿ ದಂಟು ಹಾಕಿದರೆ ಅದು ಬೇರೆಯೇ ಅಡುಗೆಯಾಗುತ್ತದೆ. ಟೊಮೆಟೊ ಎರಡು ಕೆಜಿ, ಬಿಸಿನೀರಿಗೆ ಹಾಕಿ ಸಿಪ್ಪೆ ಸುಲಿದು, ಅರೆದು, ಬೇರೆ ಪಾತ್ರೆಯಲ್ಲೇ ಅರ್ಧಕ್ಕೆ ಇಳಿಯುವವರೆಗೆ ಕುದಿಸಿದ್ದು. ಕೋಲಾರದ ಕಡೆಯಿಂದ ಬರುವ ಗಟ್ಟಿ ಸಿಪ್ಪೆಯ ಹಣ್ಣಾದರೆ ಸಾಕು, ನಾಟಿ ಹಣ್ಣು ಹುಳಿ ಜಾಸ್ತಿ. ಟೊಮೆಟೊ ಪೇಸ್ಟ್ 100 ಗ್ರಾಂ. ವೈನ್ ಎರಡು ಲೋಟ. ಮನೆಯಲ್ಲಿ ವೈನ್ ತರದವರು ಅಷ್ಟೇ ಮೂಳೆ ಕಟ್ಟು ಹಾಕಿ, ಎರಡು ಚಮಚ ವಿನೆಗರ್ ಬೆರೆಸಿ. ಗಟ್ಟಿ ಹಾಲು ಅರ್ಧ ಲೀಟರು. ಎಣ್ಣೆ ಒಂದು ಸಣ್ಣ ಲೋಟ.

ದ್ರವದ ಲೆಕ್ಕ ಗಮನಿಸಿದಿರಾ? ಮಾಂಸ ಆರು ಪಟ್ಟಾದರೂ ವೈನು, ಹಾಲು, ಕಟ್ಟು ಮೂರು ಪಟ್ಟು ದಾಟಬಾರದು. ಆವಿ ಹೋಗುವುದು ಪಾತ್ರೆಯ ಬಾಯಿಂದ. ಅದಕ್ಕೇ ಆಳದ ಕೊಳಗಕ್ಕಿಂತ ಅಗಲದ ದಬರಿ ಮೇಲು. ಒಂದು ದೊಡ್ಡದರ ಬದಲು ಎರಡು ಮಧ್ಯಮ ಪಾತ್ರೆ ಇಟ್ಟರಂತೂ ಒಂದು ಗಂಟೆ ಉಳಿಯುತ್ತದೆ.

ದಬರಿಯಲ್ಲಿ ಎಣ್ಣೆ ಕಾಯಿಸಿ ಈರುಳ್ಳಿ, ಕ್ಯಾರೆಟ್, ಸೆಲರಿಯನ್ನು ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬಾಡಿಸಿ. ಮೆತ್ತಗಾಗಬೇಕು, ಕೆಂಪಾಗಬಾರದು. ಅದೇ ಹೊತ್ತಿಗೆ ಪಕ್ಕದ ಒಲೆಯ ಮೇಲೆ ಕಬ್ಬಿಣದ ಬಾಣಲೆ ಚೆನ್ನಾಗಿ ಕಾಯಲಿ. ಖೈಮಾವನ್ನು ಸುಮಾರು 400 ಗ್ರಾಂನಂತೆ ಹಾಕಿ, ಹರಡಿ, ಮೂರು ನಿಮಿಷ ಸೌಟು ಮುಟ್ಟಿಸಬೇಡಿ. ಆಮೇಲೆ ಮಗುಚಿ. ಕಂದು ಬಂದದ್ದನ್ನು ದಬರಿಗೆ ಸುರಿಯಿರಿ. ಎರಡು ಮೂರು ಕಂತಿಗೊಮ್ಮೆ ಬಾಣಲೆಗೆ ಸ್ವಲ್ಪ ವೈನ್ ಹಾಕಿ, ತಳಕ್ಕೆ ಹತ್ತಿದ ಕಂದನ್ನೆಲ್ಲಾ ಕೆರೆದು ಅದನ್ನೂ ದಬರಿಗೆ ಬಿಡಿ. ಆ ಕಂದಿನಲ್ಲೇ ಅರ್ಧ ರುಚಿ ಇದೆ. ಸೀದು ಕಪ್ಪಾಗಿದ್ದರೆ ಮಾತ್ರ ತೊಳೆದುಬಿಡಿ. ಏಳೆಂಟು ಕಂತು, ಒಂದು ಗಂಟೆ ಕೆಲಸ. ಬೇಸರದ ಕೆಲಸವೇ. ಇಲ್ಲಿ ಮಕ್ಕಳನ್ನು ದುಡಿಸಿಕೊಳ್ಳಿ, ಪಾಸ್ತಾ ಬೇಕಾಗಿರುವುದು ಅವರಿಗೆ.

ಪೇಸ್ಟ್ ಹಾಕಿ ಎರಡು ನಿಮಿಷ ಬಾಡಿಸಿ, ಟೊಮೆಟೊ ಸುರಿದು, ಉರಿ ಇಳಿಸಿ. ದಬರಿಯ ಕೆಳಗೆ ದಮ್ ಬಿರಿಯಾನಿಗೆ ಇಡುವ ಹಾಗೆ ದಪ್ಪ ಕಾವಲಿ ಇಡಿ, ಇಲ್ಲದಿದ್ದರೆ ಈ ಪ್ರಮಾಣದಲ್ಲಿ ತಳ ಹಿಡಿಯುವುದು ಖಂಡಿತ. ಮುಚ್ಚಳ ಓರೆ. ಅಲ್ಲೊಂದು ಇಲ್ಲೊಂದು ಗುಳ್ಳೆ ಏಳಬೇಕು, ಅಷ್ಟೇ. ಹತ್ತು ನಿಮಿಷಕ್ಕೊಮ್ಮೆ ತಳ ಮುಟ್ಟಿ ತಿರುವಿ. ಅರ್ಧ ಬೆಂದ ಮೇಲೆ ಹಾಲು. ಒಟ್ಟು ಮೂರು ಗಂಟೆ. ಸೌಟಿನಲ್ಲಿ ನಡುವೆ ಗೆರೆ ಎಳೆದರೆ ನೀರು ಓಡಿ ಬಂದು ತುಂಬಬಾರದು, ಅಂಚಿನಲ್ಲಿ ಕಿತ್ತಳೆ ಬಣ್ಣದ ಎಣ್ಣೆ ಬಿಟ್ಟಿರಬೇಕು. ಉಪ್ಪು ಆಗಲೇ ನೋಡಿ ಹಾಕುವುದು, ಅದೂ ಕೈ ಹಿಡಿದು. ಪಾಸ್ತಾ ಬೇಯುವ ನೀರಿನಲ್ಲೂ ಉಪ್ಪಿದೆ, ಮೇಲೆ ಉದುರಿಸುವ ಚೀಸ್‌ನಲ್ಲೂ ಇದೆ.

ಇನ್ನು ಬಿಸಿ ಇಳಿಸುವುದು. ನೀವೂ ನಾನೂ ಮುಗ್ಗರಿಸಿದ ಜಾಗ. ಕೆಲವು ಕ್ರಿಮಿಗಳ ಬೀಜಾಣುಗಳು ಮೂರು ಗಂಟೆ ಕುದಿಯಲ್ಲಿದ್ದರೂ ಸಾಯುವುದಿಲ್ಲ. ಪಾತ್ರೆ ಉಗುರುಬೆಚ್ಚಗಾಗಲಿ ಅಂತ ಕಾದು ಕೂತಿರುತ್ತವೆ. 43ರಿಂದ 45 ಡಿಗ್ರಿಯ ಹತ್ತಿರ ಅಂಥದ್ದೊಂದು ಜಾತಿ ಸುಮಾರು ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಮುಚ್ಚಿಟ್ಟ ನಾಲ್ಕು ಕೆಜಿ ಸಾಸಿನ ನಡುಭಾಗ ಅಂಥ ಬೆಚ್ಚಗಿನಲ್ಲೇ ಗಂಟೆಗಟ್ಟಲೆ ಇರುತ್ತದೆ. ಹೋಟೆಲುಗಳಿಗೆ ಅಮೆರಿಕದಲ್ಲಿ ಇರುವ ನಿಯಮ ನಾನು ಅಡುಗೆಮನೆಯಲ್ಲಿ ಬರೆದು ಅಂಟಿಸಿಕೊಂಡಿದ್ದೇನೆ: 57 ಡಿಗ್ರಿಯಿಂದ 21ಕ್ಕೆ ಎರಡು ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಇಳಿಯುವುದು ಒಟ್ಟು ಆರು ಗಂಟೆಯೊಳಗೆ.

ನಮ್ಮ ಮನೆಗಳಲ್ಲಿ ಅದಕ್ಕೆ ಉಪಾಯ ಸುಲಭ. ಇಡ್ಲಿ ಹಿಟ್ಟಿನ ದೊಡ್ಡ ತಟ್ಟೆ, ಹೋಳಿಗೆ ತಟ್ಟೆ, ಏನು ಅಗಲವಿದೆಯೋ ಅದಕ್ಕೆ ಮೂರು ಬೆರಳು ಎತ್ತರಕ್ಕಿಂತ ಹೆಚ್ಚಾಗದಂತೆ ಸುರಿಯಿರಿ. ಸಿಂಕಿಗೆ ಬೂಚು ಹಾಕಿ ತಣ್ಣೀರು ತುಂಬಿ, ಐಸ್ ಇದ್ದರೆ ಹಾಕಿ, ತಟ್ಟೆಗಳನ್ನು ಅದರಲ್ಲಿಟ್ಟು ತಿರುವುತ್ತಿರಿ. ಫ್ಯಾನ್ ಹಾಕಿ. ಮುಕ್ಕಾಲು ಗಂಟೆಯಲ್ಲಿ ಕೈಗೆ ತಣ್ಣಗೆ ಬರುತ್ತದೆ, ಆಗ ಫ್ರಿಜ್. ಸುಡುವ ದಬರಿಯನ್ನು ಹಾಗೇ ಫ್ರಿಜ್ಜಿಗೆ ತಳ್ಳಿದರೆ ಅದು ತಣ್ಣಗಾಗುವ ಬದಲು ಪಕ್ಕದ ಹಾಲು ಬಿಸಿಯಾಗುತ್ತದೆ.

ಮೇಲೆ ಬಿಳಿ ನೆಣ ಕಟ್ಟಿದ್ದರೆ ಮುಕ್ಕಾಲು ಪಾಲು ತೆಗೆದುಬಿಡಿ. ಹಂದಿ ನೆಣಕ್ಕಿಂತ ಕುರಿ ನೆಣ ಬೇಗ ಗಟ್ಟಿಯಾಗಿ ಅಂಗುಳಿಗೆ ಮೇಣದ ಹಾಗೆ ಅಂಟುತ್ತದೆ. ನಾಳೆ ನಾಡಿದ್ದಿನದು ಫ್ರಿಜ್ಜಿನಲ್ಲಿ ಇರಲಿ, ಮೂರು ದಿನ, ಹೆಚ್ಚೆಂದರೆ ನಾಲ್ಕು. ಉಳಿದದ್ದನ್ನು 400 ಗ್ರಾಂನಂತೆ ಜಿಪ್ ಚೀಲಗಳಿಗೆ ಹಾಕಿ, ಗಾಳಿ ಒತ್ತಿ ತೆಗೆದು, ಹೋಳಿಗೆ ತಟ್ಟಿದ ಹಾಗೆ ಚಪ್ಪಟೆ ಮಾಡಿ ಫ್ರೀಜರಿಗೆ. ಒಂದು ಚೀಲ ನಿಮ್ಮ ನಾಲ್ವರಿಗೆ ಸರಿ. ನಿಮಗೆ ಸುಮಾರು ನಾಲ್ಕು ಕೆಜಿ ಸಾಸ್ ಸಿಗಬೇಕು, ಅಂದರೆ ಹತ್ತು ಸಂಜೆ. ಚಪ್ಪಟೆ ಚೀಲ ನೀರಿನಲ್ಲಿ ಅರ್ಧ ಗಂಟೆಗೆ ಕರಗುತ್ತದೆ, ಡಬ್ಬಿಯಲ್ಲಿ ಗಡ್ಡೆ ಕಟ್ಟಿದ್ದು ಮರುದಿನವಾದರೂ ಕರಗುವುದಿಲ್ಲ. ಎರಡು ಮೂರು ತಿಂಗಳೊಳಗೆ ಮುಗಿಸಿ. ತಾರೀಕು ಬರೆಯಿರಿ. ನಾನು ಬರೆಯದೆ ಒಂದು ಸಲ ಪಾಸ್ತಾಗೆ ಅಂತ ತೆಗೆದದ್ದು ಹುಣಸೆ ಗೊಜ್ಜಾಗಿತ್ತು.

ಪ್ರಶ್ನೆ: ಬೊಲೊನ್ಯಾ ಸಾಸಿಗೆ ಶುಂಠಿ ಬೆಳ್ಳುಳ್ಳಿ, ಸ್ವಲ್ಪ ಗರಂ ಮಸಾಲೆ ಹಾಕಿದರೆ ತಪ್ಪೇ? ನಿಜವಾದ ಪಾಕ ಅಂತ ಒಂದಿದೆಯೇ?
— ಕಾಲೇಜು ಉಪನ್ಯಾಸಕ, ಧಾರವಾಡ

ಉತ್ತರ: ಇದೆ ಸ್ವಾಮಿ, ಅದೂ ಕಾಗದ ಪತ್ರದ ಸಮೇತ. ಇಟಲಿಯ ಪಾಕಶಾಸ್ತ್ರ ಅಕಾಡೆಮಿಯವರು 1982ರ ಅಕ್ಟೋಬರ್ 17ರಂದು ಬೊಲೊನ್ಯಾದ ವಾಣಿಜ್ಯ ಮಂಡಳಿಯಲ್ಲಿ ರಗೂ ಪಾಕವನ್ನು ದಾಖಲು ಮಾಡಿಸಿದರು. ಆಸ್ತಿ ನೋಂದಣಿ ಮಾಡಿಸುವ ಹಾಗೆ! 2023ರಲ್ಲಿ ಅದನ್ನು ತಿದ್ದಿದರು. ಹೊಸದರಲ್ಲಿ 400 ಗ್ರಾಂ ದನದ ಮಾಂಸಕ್ಕೆ 150 ಗ್ರಾಂ ಹಸಿ ಪಾಂಚೆಟ್ಟಾ, ಅಂದರೆ ಹಂದಿ ಹೊಟ್ಟೆಯ ಮಾಂಸ. ಹಾಲು ಬೇಕಾದರೆ ಹಾಕಿ, ಬೇಡವಾದರೆ ಬಿಡಿ ಅಂತಿದೆ. ಜಾಯಿಕಾಯಿ ಒಂದು ಚಿಟಿಕೆಗೆ ಒಪ್ಪಿಗೆ. ಬೆಳ್ಳುಳ್ಳಿಗೆ ಇಲ್ಲ. ಬೇರೆ ಮಸಾಲೆಗೆ ಇಲ್ಲ. ಗಟ್ಟಿಯಾಗಲಿ ಅಂತ ಹಿಟ್ಟು ಹಾಕುವುದಕ್ಕಂತೂ ಇಲ್ಲವೇ ಇಲ್ಲ.

ಹಾಗಂತ ಅವರ ಪಾಕವೇನೂ ಕಲ್ಲಿನಲ್ಲಿ ಕೆತ್ತಿದ್ದಲ್ಲ. 1891ರಲ್ಲಿ ಪೆಲ್ಲೆಗ್ರಿನೋ ಅರ್ತೂಸಿ ಅಚ್ಚು ಹಾಕಿಸಿದ ಬೊಲೊನ್ಯಾ ಶೈಲಿಯ ಸಾಸಿನಲ್ಲಿ ಕರುವಿನ ಮಾಂಸವಿತ್ತು, ಹಿಟ್ಟೂ ಇತ್ತು, ಟೊಮೆಟೊ ಇರಲೇ ಇಲ್ಲ. ನೇಪಲ್ಸಿಗೆ ಹೋದರೆ ರಗೂ ಅಂದರೆ ಖೈಮಾ ಅಲ್ಲ, ಇಡೀ ಇಡೀ ಮಾಂಸದ ತುಂಡು ಟೊಮೆಟೊದಲ್ಲಿ ಬೆಳಗಿನಿಂದ ಬೇಯುವುದು. ನೀವು ಶುಂಠಿ ಬೆಳ್ಳುಳ್ಳಿ ಗರಂ ಮಸಾಲೆ ಹಾಕಿ, ರುಚಿಯಾಗಿಯೇ ಇರುತ್ತದೆ. ಆದರೆ ಅದಕ್ಕೆ ನಮ್ಮಲ್ಲಿ ಆಗಲೇ ಹೆಸರಿದೆ, ಖೈಮಾ ಗೊಜ್ಜು. ಅದಕ್ಕೆ ಮೂರು ಗಂಟೆ ಬೇಡ, ಹಾಲೂ ಬೇಡ.

ಅಂದಹಾಗೆ ಬೊಲೊನ್ಯಾದವರು ಇದನ್ನು ಸ್ಪಗೆಟ್ಟಿಗೆ ಹಾಕುವುದಿಲ್ಲ. ಟಾಲಿಯಟೆಲ್ಲೆ ಅನ್ನುವ ಮೊಟ್ಟೆ ಹಿಟ್ಟಿನ ಅಗಲ ಪಟ್ಟಿಗೆ ಹಾಕುತ್ತಾರೆ. ಅದರ ಅಗಲವನ್ನೂ 1972ರಲ್ಲಿ ಅದೇ ವಾಣಿಜ್ಯ ಮಂಡಳಿಯಲ್ಲಿ ದಾಖಲಿಸಿದ್ದಾರೆ: ಬೆಂದ ಮೇಲೆ 8 ಮಿಲಿಮೀಟರು. ಊರಿನ ಅಸಿನೆಲ್ಲಿ ಗೋಪುರದ ಎತ್ತರದ 12,270ರಲ್ಲಿ ಒಂದು ಪಾಲು ಅಂತೆ! ಕೆಳಮನೆ ಅಜ್ಜಿಗೆ ಈ ಲೆಕ್ಕ ಹೇಳಿದರೆ ನಗುತ್ತಿದ್ದರು. ಅವರು ಕಣ್ಣಳತೆಯಲ್ಲಿ ಕತ್ತರಿಸುತ್ತಿದ್ದರು.

ಪ್ರಶ್ನೆ: ಮಗ ಜರ್ಮನಿಯಲ್ಲಿ ಓದುತ್ತಿದ್ದಾನೆ. ಈ ಸಾಸನ್ನು ಉಪ್ಪಿನಕಾಯಿಯಂತೆ ಬಾಟಲಿಗೆ ತುಂಬಿ, ಮೇಲೆ ಎಣ್ಣೆ ನಿಲ್ಲಿಸಿ, ಬರುವ ತಿಂಗಳು ಹೋಗುವವರ ಕೈಲಿ ಕಳಿಸಬಹುದೇ?
— ಒಬ್ಬ ತಾಯಿ, ಶಿರಸಿ

ಉತ್ತರ: ಬೇಡಮ್ಮಾ, ದಯವಿಟ್ಟು ಬೇಡ. ಉಪ್ಪಿನಕಾಯಿಯನ್ನು ಕಾಯುವುದು ಅದರ ಉಪ್ಪು ಮತ್ತು ಹುಳಿ. ಮಾಂಸದ ಸಾಸಿನಲ್ಲಿ ಅಷ್ಟು ಹುಳಿಯೂ ಇಲ್ಲ, ಉಪ್ಪೂ ಇಲ್ಲ. ಮೇಲೆ ಎಣ್ಣೆ ನಿಲ್ಲಿಸಿ ಗಾಳಿ ತಡೆದರೆ ಬಾಟುಲಿಸಂ ತರುವ ಕ್ರಿಮಿಗೆ ನೀವೇ ಮನೆ ಕಟ್ಟಿಕೊಟ್ಟ ಹಾಗೆ. ಅದಕ್ಕೆ ಗಾಳಿಯಿಲ್ಲದ ಜಾಗವೇ ಬೇಕು. ಅದರ ವಿಷಕ್ಕೆ ವಾಸನೆ, ಬಣ್ಣ, ರುಚಿ ಏನೂ ಇರಬೇಕೆಂದಿಲ್ಲ, ನರಗಳನ್ನೇ ಹಿಡಿಯುತ್ತದೆ. ಕಾರ್ಖಾನೆಯವರು ಡಬ್ಬಿಯನ್ನು ಒತ್ತಡದಲ್ಲಿ 121 ಡಿಗ್ರಿಗೆ, ಲೆಕ್ಕ ಹಾಕಿದ ಹೊತ್ತು ಕಾಯಿಸುತ್ತಾರೆ. ನಮ್ಮ ಕುಕ್ಕರಿನ ಸೀಟಿಯಿಂದ ಆ ಲೆಕ್ಕ ಹಿಡಿಯಲಾಗದು.

ಇನ್ನೊಂದು ಮಾತು. ಹೊರದೇಶದಿಂದ ಯುರೋಪ್ ಒಕ್ಕೂಟಕ್ಕೆ ಹೋಗುವ ಪ್ರಯಾಣಿಕರು ಮಾಂಸದ, ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಪಾಪ, ಬೇರೆಯವರ ಮಗ ಕಸ್ಟಮ್ಸ್‌ನಲ್ಲಿ ನಿಂತು ನಿಮ್ಮ ಬಾಟಲಿಗೆ ಉತ್ತರ ಹೇಳಬೇಕಾಗುತ್ತದೆ. ಅಲ್ಲಿ ಖೈಮಾ ಎಲ್ಲಾ ಅಂಗಡಿಯಲ್ಲೂ ಸಿಗುತ್ತದೆ, ಹಂದಿ ಮತ್ತು ದನ ಅರ್ಧರ್ಧ ಬೆರೆಸಿದ್ದೂ ಸಿಗುತ್ತದೆ. ಮಗ ಏನು ತಿನ್ನುತ್ತಾನೋ ಕೇಳಿಕೊಂಡು, ಭಾನುವಾರ ಫೋನಿನಲ್ಲಿ ನಿಂತು ಹೇಳಿ ಮಾಡಿಸಿ. ಚಟ್ನಿಪುಡಿ ಮಾತ್ರ ಕಳಿಸಿ.

ಪ್ರಶ್ನೆ: ನಮ್ಮಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುತ್ತದೆ. ಫ್ರೀಜರಿನಲ್ಲಿ ಮಾಂಸದ ಸಾಸ್ ಇಡುವ ಧೈರ್ಯ ಮಾಡಬಹುದೇ?
— ಓದುಗ, ಸಿಂಧನೂರು

ಉತ್ತರ: ಗಂಟೆ ಎರಡು ಗಂಟೆ ಹೋದರೆ ಹೆದರಬೇಡಿ, ಬಾಗಿಲು ಮಾತ್ರ ತೆಗೆಯಬೇಡಿ. ಪೂರ್ತಿ ತುಂಬಿದ ಫ್ರೀಜರ್ ಬಾಗಿಲು ತೆಗೆಯದಿದ್ದರೆ ಎರಡು ದಿನ, ಅರ್ಧ ತುಂಬಿದ್ದು ಒಂದು ದಿನ ತಂಪು ಹಿಡಿದಿಡುತ್ತದೆ ಅನ್ನುವುದು ಸಾಮಾನ್ಯ ಲೆಕ್ಕ. ಫ್ರಿಜ್ಜಿನ ತಲೆಯ ಮೇಲಿನ ಪುಟ್ಟ ಖಾನೆಗೆ ಅಷ್ಟು ತಾಕತ್ತಿಲ್ಲ. ಜಾಗ ಖಾಲಿಯಿದ್ದರೆ ನೀರಿನ ಬಾಟಲಿಗಳನ್ನು ಮುಕ್ಕಾಲು ತುಂಬಿ ಇಟ್ಟುಬಿಡಿ.

ಊರಿಗೆ ಹೋಗಿ ಬಂದಾಗ ನಡುವೆ ಏನಾಯಿತೋ ಗೊತ್ತಾಗುವುದಿಲ್ಲವಲ್ಲ, ಅದಕ್ಕೆ ಒಂದು ಉಪಾಯ. ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ, ಮೇಲೊಂದು ರೂಪಾಯಿ ನಾಣ್ಯ ಇಟ್ಟು ಹೋಗಿ. ಬಂದಾಗ ನಾಣ್ಯ ಮೇಲೆಯೇ ಇದ್ದರೆ ಸರಿ. ತಳಕ್ಕೆ ಹೋಗಿ ಕೂತಿದ್ದರೆ ಎಲ್ಲಾ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ. ಆಗ ಸಾಸಿನ ಆಸೆ ಬಿಡಿ.

ಪ್ರಶ್ನೆ: ಟೊಮೆಟೊಗೆ ಹಾಲು ಹಾಕಿದರೆ ಒಡೆಯುವುದಿಲ್ಲವೇ? ಕುಕ್ಕರಿನಲ್ಲಿ ಮಾಡಿದರೆ ಆಗದೇ? ಕೋಳಿ ಖೈಮಾ ನಡೆಯುತ್ತದೆಯೇ?
— ಮೂರು ಪ್ರಶ್ನೆಗೆ ಒಂದೇ ಅಂಚೆಚೀಟಿ, ಕುಂದಾಪುರ

ಉತ್ತರ: ಸ್ವಲ್ಪ ಒಡೆಯುತ್ತದೆ. ಖೈಮಾದ ನಡುವೆ ಅದು ಕಾಣುವುದೂ ಇಲ್ಲ, ನಾಲಗೆಗೆ ಸಿಗುವುದೂ ಇಲ್ಲ. ಟೊಮೆಟೊದ ಹುಳಿ ಮೆದುವಾಗುವುದು ಮಾತ್ರ ಗೊತ್ತಾಗುತ್ತದೆ.

ಕುಕ್ಕರು ಆಗುತ್ತದೆ, ಆದರೆ ಹುರಿಯುವುದನ್ನು ತಪ್ಪಿಸಿಕೊಳ್ಳಲು ಅಲ್ಲ. ಮೇಲೆ ಹೇಳಿದ ಹಾಗೆ ಕಂತಿನಲ್ಲಿ ಹುರಿದು, ಟೊಮೆಟೊ ಹಾಕಿ, ಕುಕ್ಕರಿನ ಅರ್ಧಕ್ಕಿಂತ ಮೇಲೆ ತುಂಬದೆ, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ. ಆವಿ ಒಳಗೇ ಇರುವುದರಿಂದ ನೀರಾಗಿಯೇ ಇರುತ್ತದೆ. ಮುಚ್ಚಳ ತೆಗೆದು, ಹಾಲು ಹಾಕಿ, ಮುಕ್ಕಾಲು ಗಂಟೆ ಇಂಗಿಸಬೇಕು.

ಕೋಳಿಯಾದರೆ ತೊಡೆಯ ಮಾಂಸ, ಒಂದು ಗಂಟೆ ಸಾಕು. ಎದೆಯದು ಮೂರು ಗಂಟೆ ಬೆಂದರೆ ಮರದ ಹೊಟ್ಟಿನ ಹಾಗಿರುತ್ತದೆ.

ಪ್ರಶ್ನೆ: ಪಾಸ್ತಾ ಇಲ್ಲದ ದಿನ ಇದನ್ನು ಯಾವುದರ ಜೊತೆ ತಿನ್ನಬಹುದು?
— ಗೃಹಿಣಿ, ಸೋಮವಾರಪೇಟೆ

ಉತ್ತರ: ನಿಮ್ಮೂರಿನವರಿಗೆ ನಾನು ಹೇಳಿಕೊಡಬೇಕೇ? ನೂಪುಟ್ಟಿನ ಜೊತೆ, ಅಂದರೆ ನಮ್ಮ ಕೊಡಗಿನ ಅಕ್ಕಿ ಶಾವಿಗೆ. ನಮ್ಮ ಮನೆಯಲ್ಲಿ ಸೋಮವಾರ ರಾತ್ರಿ ಅದೇ. ಅರ್ಧ ಸೌಟು ಬಿಸಿನೀರು ಹಾಕಿ ಸಾಸನ್ನು ಸ್ವಲ್ಪ ಸಡಿಲ ಮಾಡಿಕೊಳ್ಳಿ, ಕುದಿ ಬರುವವರೆಗೆ ಬಿಸಿ ಮಾಡಿ, ಇಳಿಸುವಾಗ ಎರಡು ಹನಿ ಕಾಚಂಪುಳಿ, ಕೊಡಗಿನ ಆ ಕಪ್ಪು ಹುಳಿ. ಚೀಸ್ ಬೇಡ.